ಅರ್ಜಿನಮೂನೆಗೆ ನಿಯಮ ಬರೆಯುವ ತರುಣರಿಗೆ

ಜಯನಗರ, ಜೆ.ಪಿ. ನಗರ, ಬನಶಂಕರಿ ಮತ್ತು ಬಿ.ಟಿ.ಎಂ. ಬಡಾವಣೆಗಳಲ್ಲಿ ನೆಲಸಿ ಜಾಲತಾಣಗಳ ಅರ್ಜಿನಮೂನೆಗಳನ್ನು ರಚಿಸುತ್ತಿರುವ ತರುಣ ತರುಣಿಯರೆ,

ನಿಮ್ಮ ದೈನಂದಿನ ಕಾರ್ಯಗಳಲ್ಲೆಲ್ಲ ಅತ್ಯಂತ ಕ್ಷುಲ್ಲಕವೆಂದು ಎಣಿಸಲ್ಪಡುವುದೂ, ಅದರ ಫಲವನ್ನಾದರೋ ಅತ್ಯಂತ ಹೆಚ್ಚು ಜನರು ಉಣ್ಣಬೇಕಾಗಿ ಬರುವುದೂ ಆದ ಒಂದು ಕಾರ್ಯವನ್ನು ಕುರಿತು ನಾಲ್ಕು ಮಾತುಗಳನ್ನು ನಿಮ್ಮ ಮುಂದಿಡಬೇಕೆಂಬ ಆಸೆ ನನಗೆ ಬಹುಕಾಲದಿಂದ ಉಂಟು. ಜನರು ಖಾನೆಗಳಲ್ಲಿ ತುಂಬಿದ ವಿವರವು ಸರಿಯಾಗಿದೆಯೆ ಇಲ್ಲವೆ ಎಂದು ಪರೀಕ್ಷಿಸುವ, ನಿಮ್ಮ ಆಡುಮಾತಿನಲ್ಲಿ ವ್ಯಾಲಿಡೇಶನ್ ಎನಿಸಿಕೊಳ್ಳುವ, ಕಾರ್ಯವೇ ಅದು. ನಾನೂ ನಿಮ್ಮ ಕಸುಬಿನವನೇ ಆಗಿ, ನಿಮ್ಮ ನೆರೆಹೊರೆಯಲ್ಲಿಯೇ ವಾಸಿಸುವವನಾದ್ದರಿಂದ, ಸಹೋದ್ಯೋಗಿಯ ಸಲುಗೆಯಿಂದ ಬರೆಯುತ್ತಿದ್ದೇನೆ. ಹೇಳಬೇಕಾದ ಮಾತು ಒಂದೇ: ಪ್ರತಿಯೊಂದು ನಿಯಮವನ್ನೂ ಚಿಕ್ಕದಾಗಿಯೂ, ಅದನ್ನು ಓಡಿಸುವ ಯಂತ್ರದಿಂದ ಪ್ರತ್ಯೇಕವಾಗಿಯೂ ಬರೆದಿಡಿ, ಏಕೆಂದರೆ ತುಂಬುವವರ ವಿವರವು ಸರಿಯಾಗಿದ್ದು ನಿಮ್ಮ ನಿಯಮವೇ ತಪ್ಪಾಗಿ ನಿಲ್ಲುವ ದಿನವೊಂದು ಬಂದೇ ಬರುತ್ತದೆ.

ಈ ಕಾರ್ಯಕ್ಕೂ ಜಾವಾಸ್ಕ್ರಿಪ್ಟ್ ಭಾಷೆಗೂ ಇರುವ ಸಂಬಂಧವು ಜನ್ಮತಃ ಬಂದುದು. 1995ರ ಮೇ ತಿಂಗಳಿನಲ್ಲಿ ನೆಟ್‌ಸ್ಕೇಪ್ ಸಂಸ್ಥೆಯ ಬ್ರೆಂಡನ್ ಐಕ್ ಎಂಬವರು ಹತ್ತು ದಿನಗಳ ಅವಧಿಯಲ್ಲಿ ಅದರ ಪ್ರಥಮ ರೂಪವನ್ನು ಸಿದ್ಧಪಡಿಸಿದ ಕಾಲದಲ್ಲಿ, ದೂರವಾಣಿಯ ತಂತಿಯ ಮೇಲೆ ಮಂದಗತಿಯಿಂದ ಸಾಗುತ್ತಿದ್ದ ಅಂತರಜಾಲದಲ್ಲಿ ಒಂದು ಖಾನೆ ಖಾಲಿಯಾಗಿ ಉಳಿದಿದೆಯೆಂಬುದನ್ನು ತಿಳಿಯುವುದಕ್ಕೂ ಅರ್ಜಿಯು ಸರ್ವರಿನವರೆಗೆ ಹೋಗಿ ಹಿಂದಿರುಗಬೇಕಾಗಿದ್ದುದರಿಂದ, ಆ ವ್ಯರ್ಥ ಪ್ರಯಾಣವನ್ನು ತಪ್ಪಿಸುವುದೇ ಹೊಸ ಭಾಷೆಯ ಮೊದಮೊದಲ ಉಪಯೋಗಗಳಲ್ಲಿ ಒಂದಾಯಿತು. 1999ರ ಮೂರನೆಯ ಆವೃತ್ತಿಯಲ್ಲಿ ರೆಗ್ಯುಲರ್ ಎಕ್ಸ್‌ಪ್ರೆಶನ್ನುಗಳು, ಅಂದರೆ ರೆಜೆಕ್ಸುಗಳು, ಭಾಷೆಯ ಪ್ರಮಾಣಗ್ರಂಥವನ್ನು ಪ್ರವೇಶಿಸಿದವು. ಆ ಕಾಲದವರ ಕೈಯಲ್ಲಿ ಅಕ್ಷರವೆಂದರೆ ಇಂಗ್ಲಿಷಿನ ಇಪ್ಪತ್ತಾರು, ಅಂಕಿಯೆಂದರೆ ಇಂಗ್ಲಿಷಿನ ಹತ್ತು ಎಂದು ರೂಢಿಯಾದ ಸೂತ್ರಗಳು ಒಂದು ಕಡತದಿಂದ ಇನ್ನೊಂದಕ್ಕೆ ನಕಲಾಗುತ್ತ ನಿಮ್ಮ ಕಡತಗಳವರೆಗೂ ಅವಿಚ್ಛಿನ್ನವಾಗಿ ಬಂದು ತಲಪಿವೆ.

ಹಾಗೆ ನಕಲಾಗಿ ಬಂದ ನಿಯಮದ ಮುಂದೆ ನಮ್ಮ ಜನರನ್ನು ನಿಲ್ಲಿಸಿ ನೋಡೋಣ. ಮೊದಲ ಹೆಸರು, ಕೊನೆಯ ಹೆಸರು ಎಂಬ ಎರಡು ಖಾನೆಗಳು ಕಡ್ಡಾಯ, ಒಂದೊಂದರಲ್ಲಿಯೂ ಕನಿಷ್ಠ ಎರಡಕ್ಷರ, ಚುಕ್ಕಿ ನಿಷಿದ್ಧ ಎನ್ನುವ ನಮೂನೆಗಳು ಅಪರೂಪವಲ್ಲ. ಬಸವನಗುಡಿಯ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯನ್ನು 1945ರಲ್ಲಿ ಸ್ಥಾಪಿಸಿದ ಡಿ.ವಿ. ಗುಂಡಪ್ಪನವರ ಹೆಸರಿನಲ್ಲಿ ದೇವನಹಳ್ಳಿಯೆಂಬುದು ಊರು, ವೆಂಕಟರಮಣಯ್ಯನೆಂಬುದು ತಂದೆ, ಗುಂಡಪ್ಪನೆಂಬುದು ಸ್ವಂತ ನಾಮಧೇಯ. ಇವುಗಳಲ್ಲಿ ಯಾವುದು ಮೊದಲನೆಯ ಖಾನೆಗೆ ಸಲ್ಲತಕ್ಕುದು? ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು ಇಂದು ಜೀವಿಸಿದ್ದು ಇಂತಹ ನಮೂನೆಯನ್ನು ತುಂಬಿದ್ದರೆ, ಯಾಂತ್ರಿಕ ಇಮೇಲುಗಳೆಲ್ಲವೂ ಅವರನ್ನು ‘ಪ್ರಿಯ ಮೋಕ್ಷಗುಂಡಂ’ ಎಂದು ಊರಿನ ಹೆಸರು ಹಿಡಿದು ಕರೆಯುತ್ತಿದ್ದುವು. ದತ್ತಾತ್ರೇಯ ರಾಮಚಂದ್ರ ಬೇಂದ್ರೆಯವರಲ್ಲಾದರೋ ಸ್ವಂತ ಹೆಸರು ಮೊದಲು, ತಂದೆಯದು ನಡುವೆ, ಮನೆತನದ್ದು ಕೊನೆಗೆ. ಒಂದೇ ನಾಡಿನಲ್ಲಿ ಎರಡು ಕ್ರಮಗಳು. ಇವೆರಡರಲ್ಲಿಯೂ ಸೇರದೆ ಒಂದೇ ಪದದ ಹೆಸರಿನಿಂದ ಜೀವಿಸುವವರೂ ನಮ್ಮ ಬೀದಿಗಳಲ್ಲಿ ಉಂಟು. ಇವರೆಲ್ಲರಿಗೂ ಹೊಂದುವ ಖಾನೆಯು ಪೂರ್ಣ ಹೆಸರು ಎಂಬ ಒಂದೇ ಖಾನೆ. ಅದಕ್ಕೆ ಒಪ್ಪುವ ನಿಯಮವು ಖಾಲಿ ಬಿಡಬಾರದು ಎಂಬ ಒಂದೇ ನಿಯಮ.

ವಿಳಾಸದ ಸಂಗತಿಯೂ ಹೀಗೆಯೇ. 1948ರಲ್ಲಿ ರಾಜಗೋಪಾಲಾಚಾರಿಯವರಿಂದ ಶಂಕುಸ್ಥಾಪನೆಗೊಂಡು, ಅಂದಿನ ನೆನಪಿಗಾಗಿ ಅಶೋಕ ಸ್ತಂಭವನ್ನು ಇಂದಿಗೂ ಉಳಿಸಿಕೊಂಡಿರುವ ಜಯನಗರದ ಜನರು ಬ್ಲಾಕಿನಲ್ಲಿ ವಾಸಿಸುತ್ತಾರೆ, ಬನಶಂಕರಿಯವರು ಸ್ಟೇಜಿನಲ್ಲಿ ವಾಸಿಸುತ್ತಾರೆ, ಜೆ.ಪಿ. ನಗರದವರು ಫೇಸಿನಲ್ಲಿ ವಾಸಿಸುತ್ತಾರೆ. ಮೇನಿಗೆ ಒಂದು ಸಂಖ್ಯೆ, ಕ್ರಾಸಿಗೆ ಮತ್ತೊಂದು ಸಂಖ್ಯೆ, ಆ ಕ್ರಾಸಿನ ಬೆನ್ನಿಗೆ ಎ, ಬಿ, ಸಿ ಎಂಬ ಒಂದಕ್ಷರ, ನಿವೇಶನವು ಭಾಗವಾದಲ್ಲಿ ಮನೆಯ ಸಂಖ್ಯೆಯ ನಡುವೆ ಒಂದು ಓರೆಗೆರೆ, ಅದರ ಮುಂದೆ ಬೆಂಗಳೂರಿಗರ ಲೇಖನಿಯಿಂದ ತಾನಾಗಿಯೇ ಇಳಿದುಬರುವ ಹ್ಯಾಷ್ ಚಿಹ್ನೆ. ವಿಶೇಷ ಚಿಹ್ನೆಗಳಿಗೆ ಅವಕಾಶವಿಲ್ಲವೆಂದು ಸಾರುವ ನಮೂನೆಯು ಈ ನಾಲ್ಕು ಬಡಾವಣೆಗಳ ಅನೇಕ ಬಾಗಿಲುಫಲಕಗಳನ್ನು ಅಸಿಂಧುವೆಂದು ಸಾರಿದಂತಾಗುತ್ತದೆ. ಬೈರಸಂದ್ರ, ತಾವರೆಕೆರೆ, ಮಡಿವಾಳಗಳ ಆದ್ಯಕ್ಷರಗಳನ್ನು ಚುಕ್ಕಿಗಳಿಂದ ಕೂಡಿಸಿ ಬರೆಯುವ ಬಡಾವಣೆಯವರಿಗಂತೂ ತಮ್ಮ ಬಡಾವಣೆಯ ಹೆಸರನ್ನು ಬರೆಯುವುದೇ ಅಪರಾಧವಾಗುತ್ತದೆ.

ಹಾಗಾದರೆ ಪರೀಕ್ಷೆಯೇ ಬೇಡವೆ ಎಂದು ನೀವು ಕೇಳಬಹುದು. ಬೇಕು, ಆದರೆ ಯಾವ ವಿವರಕ್ಕೆ ನಿಶ್ಚಿತವಾದ ರಚನೆಯುಂಟೋ ಅಲ್ಲಿ ಕಾಠಿಣ್ಯವೂ, ಯಾವುದಕ್ಕೆ ಇಲ್ಲವೋ ಅಲ್ಲಿ ಔದಾರ್ಯವೂ ಬೇಕು. 1972ರ ಆಗಸ್ಟ್ 15ರಂದು ಬಳಕೆಗೆ ಬಂದ ಪಿನ್ ಕೋಡಿಗೆ ಆರು ಅಂಕಿಗಳು, ಮೊದಲನೆಯದು ಸೊನ್ನೆಯಾಗಿರಲಾರದು. ಜಯನಗರದ 560011, ಬನಶಂಕರಿ ಎರಡನೆಯ ಸ್ಟೇಜಿನ 560070, ಜೆ.ಪಿ. ನಗರದ 560078 ಇವೆಲ್ಲವೂ ಈ ನಿಯಮಕ್ಕೆ ಒಳಪಟ್ಟವು. ಜನರು ಮೂರಂಕಿಗಳ ಬಳಿಕ ಒಂದು ತೆರಪನ್ನು ಬಿಟ್ಟು ಬರೆಯುವ ವಾಡಿಕೆಯಿರುವುದರಿಂದ, ಪರೀಕ್ಷೆಗೆ ಮುಂಚೆ ತೆರಪನ್ನು ತೆಗೆದುಬಿಡುವುದು ನಿಮ್ಮ ಹೊಣೆಯೇ ಹೊರತು ಅವರದಲ್ಲ. ಪ್ಯಾನ್ ಸಂಖ್ಯೆಯು ಐದಕ್ಷರ, ನಾಲ್ಕಂಕಿ, ಒಂದಕ್ಷರಗಳ ಕ್ರಮದ್ದು. ಅದರ ನಾಲ್ಕನೆಯ ಅಕ್ಷರವು ವ್ಯಕ್ತಿಗಳ ವಿಷಯದಲ್ಲಿ ಪಿ ಆಗಿರುತ್ತದೆ. ಹನ್ನೆರಡಂಕಿಗಳ ಆಧಾರ್ ಸಂಖ್ಯೆಯ ಕೊನೆಯ ಅಂಕಿಯು, ಡಚ್ ಗಣಿತಜ್ಞ ಯಾಕೋಬಸ್ ವೆರ್ಹೂಫ್ 1969ರಲ್ಲಿ ಪ್ರಕಟಿಸಿದ ವಿಧಾನದಂತೆ, ಉಳಿದ ಹನ್ನೊಂದರಿಂದ ಗಣಿಸಲ್ಪಟ್ಟುದು. ಒಂದು ಅಂಕಿ ತಪ್ಪಿದರೂ, ಅಕ್ಕಪಕ್ಕದ ಎರಡು ಅಂಕಿಗಳು ಸ್ಥಾನಪಲ್ಲಟವಾದರೂ, ಆ ಲೆಕ್ಕವು ತಪ್ಪದೆ ಹಿಡಿದುಕೊಡುತ್ತದೆ. ಇಷ್ಟು ಬಲವಾದ ಪರೀಕ್ಷೆಯು ಕೈಗೆಟಕುವಂತಿರುವಾಗ ಹನ್ನೆರಡಂಕಿಗಳನ್ನು ಎಣಿಸಿ ತೃಪ್ತರಾಗಿ, ಗುಂಡಪ್ಪನವರ ಚುಕ್ಕಿಯ ಮೇಲೆ ಮಾತ್ರ ಶೌರ್ಯವನ್ನು ತೋರಿಸುವುದು ಎಂತಹ ವಿವೇಕ?

ನಿಶ್ಚಿತ ರಚನೆಯ ನಿಯಮಗಳಾದರೂ ಚಿರಸ್ಥಾಯಿಯಲ್ಲ. ಮೊಬೈಲ್ ಸಂಖ್ಯೆಗಳು ಒಂದು ಕಾಲದಲ್ಲಿ ಒಂಬತ್ತರಿಂದ ಮಾತ್ರ ಆರಂಭವಾಗುತ್ತಿದ್ದು, ಅನಂತರ ಎಂಟು, ಏಳು, ಆರುಗಳಿಂದಲೂ ಆರಂಭವಾಗತೊಡಗಿದಾಗ, ಒಂಬತ್ತನ್ನೇ ಶಾಶ್ವತವೆಂದು ನಂಬಿ ಬರೆದ ನಿಯಮಗಳೆಲ್ಲವೂ ನಿಜವಾದ ಗ್ರಾಹಕರನ್ನು ಹಿಂದಕ್ಕೆ ಕಳುಹಿಸಿದುವು. ವಾಹನಗಳ ನೋಂದಣಿ ಸಂಖ್ಯೆಗೆ ಮೊದಲು ರಾಜ್ಯದ ಎರಡಕ್ಷರ, ಬಳಿಕ ಕಚೇರಿಯ ಅಂಕಿ ಎಂಬುದು ಎಲ್ಲರೂ ಬಲ್ಲ ಕ್ರಮವಾಗಿತ್ತು. ಜಯನಗರದ ಕಚೇರಿಯ ಕೆಎ 05 ನಮ್ಮ ಕಣ್ಣಿಗೆ ಚಿರಪರಿಚಿತ. 2021ರಲ್ಲಿ ಕೇಂದ್ರ ಸರಕಾರವು ಬಿಎಚ್ ಸರಣಿಯನ್ನು ಜಾರಿಗೆ ತಂದಾಗ, ನೋಂದಣಿಯ ವರ್ಷವನ್ನು ಸೂಚಿಸುವ ಎರಡು ಅಂಕಿಗಳು ಮುಂದೆ ಬಂದು ಅಕ್ಷರಗಳು ಹಿಂದೆ ಸರಿದುವು. ವಾಹನಸಂಖ್ಯೆಯ ಸೂತ್ರವನ್ನು ಹತ್ತು ಪುಟಗಳಲ್ಲಿ ಹತ್ತು ಸಲ ಅಂಟಿಸಿದ್ದವರು ಹತ್ತು ಕಡೆ ಹುಡುಕಾಡಬೇಕಾಯಿತು. ಒಂದೇ ಕಡೆ ಒಂದು ಚಿಕ್ಕ ಫಂಕ್ಷನ್ನಾಗಿ ಇಟ್ಟುಕೊಂಡಿದ್ದವರಿಗೆ ಅದು ಒಂದು ಸಾಲಿನ ಕೆಲಸವಾಯಿತು. ನಾನು ಸರಳತೆ ಮತ್ತು ವಿಸ್ತರಣಶೀಲತೆ ಎಂದು ಒಟ್ಟಾಗಿ ಹೇಳುವುದು ಇದನ್ನೇ.

ಇನ್ನು ಸ್ಕ್ರಿಪ್ಟಿನ ರಚನೆಯ ವಿಚಾರ. 2014ರ ಅಕ್ಟೋಬರಿನಲ್ಲಿ ಪ್ರಮಾಣೀಕೃತವಾದ ಎಚ್‌ಟಿಎಮ್‌ಎಲ್ ಐದರಿಂದೀಚೆಗೆ ಬ್ರೌಸರು ತಾನೇ ಬಹಳಷ್ಟು ಪರೀಕ್ಷೆಗಳನ್ನು ನಡೆಸಬಲ್ಲುದು. ಖಾನೆ ಕಡ್ಡಾಯವೆನ್ನುವ ರಿಕ್ವೈರ್ಡ್, ಮಾದರಿಯನ್ನು ವಿಧಿಸುವ ಪ್ಯಾಟರ್ನ್, ಕನಿಷ್ಠ ಗರಿಷ್ಠಗಳನ್ನು ಹೇಳುವ ಮಿನ್ ಮತ್ತು ಮ್ಯಾಕ್ಸ್, ಇವು ಖಾನೆಯ ಗುಣಗಳಾಗಿ ಬರೆಯಲ್ಪಡುವುದರಿಂದ ಅವುಗಳಿಗಾಗಿ ನೀವು ಒಂದು ಸಾಲು ಸ್ಕ್ರಿಪ್ಟನ್ನೂ ಬರೆಯಬೇಕಾಗಿಲ್ಲ. ಇವುಗಳಿಗೆ ನಿಲುಕದ ನಿಯಮಗಳಿಗಾಗಿ ಸೆಟ್‌ಕಸ್ಟಮ್‌ವ್ಯಾಲಿಡಿಟಿ ಎಂಬ ವಿಧಾನವುಂಟು. ಅದಕ್ಕೆ ಖಾಲಿ ವಾಕ್ಯವನ್ನು ಕೊಟ್ಟರೆ ಖಾನೆ ಸಾಧುವೆಂದೂ, ಬೇರಾವ ವಾಕ್ಯವನ್ನು ಕೊಟ್ಟರೂ ಅಸಾಧುವೆಂದೂ ಬ್ರೌಸರು ಎಣಿಸುತ್ತದೆ. ಇದನ್ನೇ ನಿಮ್ಮ ನಿಯಮಗಳೆಲ್ಲದರ ಒಡಂಬಡಿಕೆಯಾಗಿ ಸ್ವೀಕರಿಸಿರಿ. ಪ್ರತಿಯೊಂದು ನಿಯಮವೂ ಖಾನೆಯ ಬೆಲೆಯನ್ನು ಪಡೆದು, ಸರಿಯಿದ್ದರೆ ಖಾಲಿ ವಾಕ್ಯವನ್ನೂ, ತಪ್ಪಿದ್ದರೆ ತುಂಬುವವರಿಗೆ ಹೇಳಬೇಕಾದ ಕನ್ನಡ ವಾಕ್ಯವನ್ನೂ ಹಿಂದಿರುಗಿಸುವ ಒಂದು ಶುದ್ಧ ಫಂಕ್ಷನ್ನಾಗಲಿ. ಐಚ್ಛಿಕವಾದ ಖಾನೆಯು ಖಾಲಿಯಿದ್ದಾಗ ನಿಯಮವು ತಕರಾರೆತ್ತದಿರಲಿ. ಪುಟದ ಯಾವ ಭಾಗವನ್ನೂ ಅದು ತಾನಾಗಿ ಮುಟ್ಟದಿರಲಿ.

ಇಂತಹ ಫಂಕ್ಷನ್ನುಗಳನ್ನೆಲ್ಲ ಹೆಸರಿನೊಡನೆ ಒಂದು ಮ್ಯಾಪಿನಲ್ಲಿ ದಾಖಲಿಸಿ, ಯಾವ ಖಾನೆಗೆ ಯಾವ ನಿಯಮಗಳು ಅನ್ವಯಿಸುತ್ತವೆಂಬುದನ್ನು ಆ ಖಾನೆಯ ಡೇಟಾ ಗುಣದಲ್ಲಿ ಬರೆದಿಟ್ಟರೆ, ಇವುಗಳನ್ನು ಓಡಿಸುವ ಯಂತ್ರವು ಇಪ್ಪತ್ತು ಮೂವತ್ತು ಸಾಲುಗಳಲ್ಲಿ ಮುಗಿಯುತ್ತದೆ. ಅದು ಮೊದಲು ಹಳೆಯ ದೋಷವಾಕ್ಯವನ್ನು ಅಳಿಸಬೇಕು. ಇದನ್ನು ಮರೆತರೆ ತಿದ್ದಿದ ಖಾನೆಯೂ ದೋಷಿಯಾಗಿಯೇ ಉಳಿಯುತ್ತದೆ. ಬಳಿಕ ಬ್ರೌಸರಿನ ಪರೀಕ್ಷೆ, ಅನಂತರ ದಾಖಲಾದ ನಿಯಮಗಳು ಒಂದಾದಮೇಲೊಂದು. ಮೊದಲು ದೊರೆತ ದೋಷವಾಕ್ಯದಲ್ಲಿಯೇ ನಿಲ್ಲತಕ್ಕುದು. ಒಂದೊಂದು ಖಾನೆಗೂ ಒಂದೊಂದು ಲಿಸನರನ್ನು ಕಟ್ಟುವ ಅಗತ್ಯವಿಲ್ಲ. ಫಾರ್ಮಿಗೆ ಕಟ್ಟಿದ ಒಂದು ಫೋಕಸ್‌ಔಟ್ ಸಾಕು, ಏಕೆಂದರೆ ಅದು ಒಳಗಿನಿಂದ ಮೇಲಕ್ಕೆ ಬರುತ್ತದೆ, ಬ್ಲರ್ ಬರುವುದಿಲ್ಲ. ಹೊಸ ಅವಶ್ಯಕತೆ ಬಂದಾಗ ಯಂತ್ರವನ್ನು ಬಿಚ್ಚದೆ ಮ್ಯಾಪಿಗೆ ಇನ್ನೊಂದು ಹೆಸರನ್ನು ಸೇರಿಸಿದರಾಯಿತು. ಸರ್ವರನ್ನು ಕೇಳಿಯೇ ನಿರ್ಣಯಿಸಬೇಕಾದ ನಿಯಮಗಳಿಗಾಗಿ ಯಂತ್ರವು ಉತ್ತರವನ್ನು ಅವೇಟ್ ಮಾಡಲಿ. ತುಂಬುವವರು ಅಷ್ಟರಲ್ಲಿ ಖಾನೆಯನ್ನು ಬದಲಿಸಿದ್ದರೆ ಹಿಂದಿನ ಪ್ರಶ್ನೆಯನ್ನು ಅಬಾರ್ಟ್‌ಕಂಟ್ರೋಲರಿನಿಂದ ರದ್ದುಪಡಿಸಲಿ. ಉಳಿದ ನಿಯಮಗಳು ಪುಟವನ್ನು ಮುಟ್ಟದ ಶುದ್ಧ ಫಂಕ್ಷನ್ನುಗಳಾದ್ದರಿಂದ ಅವುಗಳ ಮಾಡ್ಯೂಲನ್ನು ನೋಡ್ ಸರ್ವರಿನಲ್ಲಿಯೂ ಇಂಪೋರ್ಟ್ ಮಾಡಿಕೊಳ್ಳಬಹುದು. ಮಾಡಿಕೊಳ್ಳಲೇಬೇಕು, ಬ್ರೌಸರಿನಲ್ಲಿ ನಡೆಯುವ ಪರೀಕ್ಷೆಯು ತುಂಬುವವರ ಅನುಕೂಲಕ್ಕೆ ಇರತಕ್ಕುದು, ರಕ್ಷಣೆಯು ಸರ್ವರಿನ ಕರ್ತವ್ಯ.

ಕನ್ನಡದಲ್ಲಿ ತುಂಬುವವರ ವಿಷಯದಲ್ಲಿ ಇನ್ನೂ ಕೆಲವು ಸೂಕ್ಷ್ಮಗಳುಂಟು. ಹೆಸರಿಗೆ ಅಕ್ಷರಗಳ ಸೂತ್ರವನ್ನು ವಿಧಿಸಲೇಬೇಕಾಗಿ ಬಂದಲ್ಲಿ ಇವನ್ನು ನೆನಪಿಡಿ. 2018ರ ಆವೃತ್ತಿಯಿಂದ ಜಾವಾಸ್ಕ್ರಿಪ್ಟಿನ ರೆಜೆಕ್ಸಿನಲ್ಲಿ ಯೂನಿಕೋಡಿನ ವರ್ಗಗಳನ್ನು ಹೆಸರಿಸಬಹುದಾಗಿದ್ದು, ಜಗತ್ತಿನ ಎಲ್ಲ ಲಿಪಿಗಳ ಅಕ್ಷರಗಳನ್ನೂ ಲೆಟರ್ ಎಂಬ ವರ್ಗದಿಂದ ಒಪ್ಪಿಕೊಳ್ಳಬಹುದು. ಅಷ್ಟರಿಂದ ಕನ್ನಡಕ್ಕೆ ಪೂರ್ತಿಯಾಗಿ ನ್ಯಾಯ ದೊರೆಯುವುದಿಲ್ಲ. ಗುಂಡಪ್ಪ ಎಂಬ ಹೆಸರು ಗಣಕದಲ್ಲಿ ಏಳು ಸಂಕೇತಗಳಾಗಿ ಶೇಖರವಾಗುತ್ತದೆ. ಅವುಗಳಲ್ಲಿ ಗ, ಡ, ಎರಡು ಪ ಇವು ಲೆಟರುಗಳು. ಉಕಾರದ ಕೊಂಬು, ಅನುಸ್ವಾರ, ವಿರಾಮ ಈ ಮೂರು ಮಾರ್ಕ್ ಎಂಬ ಬೇರೆ ವರ್ಗದವು. ಮಾರ್ಕುಗಳನ್ನೂ ಸೂತ್ರದಲ್ಲಿ ಸೇರಿಸದಿದ್ದರೆ ಗುಣಿತಾಕ್ಷರವಿರುವ ಹೆಸರೊಂದೂ ತೇರ್ಗಡೆಯಾಗದು. ರಾಜ್‌ಕುಮಾರ್ ಎಂಬಲ್ಲಿ ಜಕಾರವು ಕಕಾರದೊಡನೆ ಒತ್ತಾಗದಂತೆ ತಡೆಯುವ ಅದೃಶ್ಯ ಸಂಕೇತವು ಈ ಎರಡು ವರ್ಗಗಳಿಗೂ ಸೇರದು. ಅದನ್ನು ಪ್ರತ್ಯೇಕವಾಗಿಯೇ ಹೆಸರಿಸಬೇಕು. ಶ್ರೀ ಎಂಬ ಒಂದಕ್ಷರವು ನಾಲ್ಕು ಸಂಕೇತಗಳಾದ್ದರಿಂದ ಮ್ಯಾಕ್ಸ್‌ಲೆಂಗ್ತ್ ಅದನ್ನು ನಾಲ್ಕೆಂದೇ ಎಣಿಸುತ್ತದೆ. ಕಣ್ಣಿಗೆ ಕಾಣುವ ಅಕ್ಷರಗಳನ್ನು ಎಣಿಸಿ ವಿಧಿಸಿದ ಮಿತಿಯು ಕನ್ನಡದ ಹೆಸರನ್ನು ಅರ್ಧದಲ್ಲಿ ಕತ್ತರಿಸಬಹುದು. ಕನ್ನಡ ಅಂಕಿಗಳಲ್ಲಿ ೫೬೦೦೭೮ ಎಂದು ಬರೆದವರ ಪಿನ್ ಕೋಡನ್ನು, ನಿಮ್ಮ ಅಂಕಿಸೂತ್ರವು ಇಂಗ್ಲಿಷ್ ಅಂಕಿಗಳನ್ನು ಮಾತ್ರ ಬಲ್ಲುದಾದ್ದರಿಂದ, ಮೊದಲು ಪರಿವರ್ತಿಸಿ ಆಮೇಲೆ ಪರೀಕ್ಷಿಸಬೇಕು. ನುಡಿ ಮೊದಲಾದ ತಂತ್ರಾಂಶಗಳ ಹಳೆಯ ಆಸ್ಕಿ ಫಾಂಟಿನ ಕಡತದಿಂದ ಯಾರಾದರೂ ಪಠ್ಯವನ್ನು ಅಂಟಿಸಿದರೆ ಖಾನೆಯಲ್ಲಿ ಅರ್ಥಹೀನವಾದ ಐರೋಪ್ಯ ಚಿಹ್ನೆಗಳು ತೋರುತ್ತವೆ. ಅದನ್ನು ಗುರುತಿಸಿ, ಯೂನಿಕೋಡಿಗೆ ಪರಿವರ್ತಿಸಿ ಅಂಟಿಸಿರೆಂದು ಹೇಳುವ ಒಂದು ನಿಯಮವನ್ನು ಮ್ಯಾಪಿಗೆ ಸೇರಿಸಿದರೆ ಬಹಳ ಜನರು ನಿಮ್ಮನ್ನು ಸ್ಮರಿಸುತ್ತಾರೆ.

ದೋಷವನ್ನು ಕಂಡುಹಿಡಿಯುವುದು ಅರ್ಧ ಕಾರ್ಯ. ಅದನ್ನು ಹೇಳುವ ಕಾಲವೂ ರೀತಿಯೂ ಉಳಿದರ್ಧ. ಹಳೆಯ ತಾಲ್ಲೂಕು ಕಚೇರಿಗಳಲ್ಲಿ, ಅರ್ಜಿಯನ್ನು ಹಿಂದಕ್ಕೆ ಎಸೆಯದೆ, ತಪ್ಪಿದ ಜಾಗದಲ್ಲಿ ಪೆನ್ಸಿಲಿನಿಂದ ಗುರುತುಮಾಡಿ, ‘ಇಲ್ಲಿ ಹೋಬಳಿಯ ಹೆಸರು ಬರೀರಿ ಸ್ವಾಮಿ’ ಎಂದು ತೋರಿಸಿಕೊಡುತ್ತಿದ್ದ ಗುಮಾಸ್ತರಂತೆ ನಿಮ್ಮ ಸ್ಕ್ರಿಪ್ಟೂ ವರ್ತಿಸಲಿ. ಇಮೇಲಿನ ಮೊದಲಕ್ಷರವನ್ನು ಒತ್ತುವುದರೊಳಗೆ ಕೆಂಪು ಬಣ್ಣವನ್ನು ತೋರಿಸುವುದು ಅಸಭ್ಯತೆ; ಖಾನೆಯನ್ನು ಬಿಟ್ಟಮೇಲೆ ಹೇಳಿರಿ, ಒಮ್ಮೆ ಹೇಳಿದಮೇಲೆ ಅವರು ತಿದ್ದುತ್ತಿರುವಾಗಲೇ ಆ ವಾಕ್ಯವನ್ನು ತೆಗೆದುಬಿಡಿರಿ. ಬ್ರೌಸರಿನ ಸ್ವಂತ ಸೂಚನೆಗಳು ಪುಟದ ಭಾಷೆಯನ್ನು ನೋಡದೆ ಬ್ರೌಸರಿನ ಭಾಷೆಯಲ್ಲಿ ಮೂಡುವುದರಿಂದ, ಕನ್ನಡದ ಪುಟದಲ್ಲಿ ಇಂಗ್ಲಿಷಿನ ಗುಳ್ಳೆ ಎದ್ದು ನಿಲ್ಲುತ್ತದೆ. ಅದನ್ನು ತಡೆಯಲು ನೋವ್ಯಾಲಿಡೇಟ್ ಗುಣವನ್ನು ಸ್ಕ್ರಿಪ್ಟಿನಿಂದಲೇ ಹಚ್ಚಿರಿ. ಮೊದಲೇ ಪುಟದಲ್ಲಿ ಬರೆದಿಟ್ಟರೆ, ಸ್ಕ್ರಿಪ್ಟು ಬಂದು ತಲಪದ ದಿನ ಬ್ರೌಸರಿನ ಪರೀಕ್ಷೆಯೂ ಇಲ್ಲದೆ ಹೋಗುತ್ತದೆ. ‘ಅಮಾನ್ಯ ನಮೂದು’ ಎಂಬ ವಾಕ್ಯದಿಂದ ಯಾರಿಗೂ ದಾರಿ ತೋರದು. ‘ಪಿನ್ ಕೋಡಿನಲ್ಲಿ ಆರು ಅಂಕಿಗಳಿರಬೇಕು, ನೀವು ಐದನ್ನು ಬರೆದಿದ್ದೀರಿ’ ಎಂದರೆ ಎಲ್ಲರಿಗೂ ತೋರುತ್ತದೆ. ಆ ವಾಕ್ಯವನ್ನು ಏರಿಯಾ-ಡಿಸ್ಕ್ರೈಬ್ಡ್‌ಬೈ ಮೂಲಕ ಖಾನೆಗೆ ಜೋಡಿಸಿ, ಖಾನೆಗೆ ಏರಿಯಾ-ಇನ್‌ವ್ಯಾಲಿಡ್ ಗುರುತನ್ನು ಹಚ್ಚಿದರೆ, ಪರದೆಯನ್ನು ಕಾಣಲಾರದೆ ತೆರೆವಾಚಕದಿಂದ ಕೇಳುವವರಿಗೂ ಅದು ಮುಟ್ಟುತ್ತದೆ. ಕೆಂಪು ಅಂಚೊಂದೇ ಆದರೆ ಅವರ ಪಾಲಿಗೆ ಏನೂ ಸಂಭವಿಸಿರುವುದಿಲ್ಲ. ಪಿನ್ ಮತ್ತು ಮೊಬೈಲ್ ಖಾನೆಗಳನ್ನು ನಂಬರ್ ಬಗೆಯವನ್ನಾಗಿ ಮಾಡದೆ, ಪಠ್ಯಖಾನೆಯನ್ನಾಗಿಯೇ ಇರಿಸಿ ಇನ್‌ಪುಟ್‌ಮೋಡ್ ಗುಣದಿಂದ ಅಂಕಿಗಳ ಕೀಲಿಮಣೆಯನ್ನು ತರಿಸಿರಿ. ಅವು ಕೂಡಿ ಕಳೆಯುವ ಸಂಖ್ಯೆಗಳಲ್ಲವಷ್ಟೆ.

ಇಷ್ಟನ್ನು ಹೇಳಿದಮೇಲೆ ನಿಮ್ಮಲ್ಲಿ ನನ್ನ ಪ್ರಾರ್ಥನೆ ಒಂದಿದೆ. ನಿಯಮಗಳ ಮಾಡ್ಯೂಲಿನ ಪಕ್ಕದಲ್ಲಿ ಪರೀಕ್ಷಾಕಡತವೊಂದನ್ನು ತೆರೆಯಿರಿ. ಒಪ್ಪಲೇಬೇಕಾದವುಗಳ ಪಟ್ಟಿಯಲ್ಲಿ ಡಿ.ವಿ. ಗುಂಡಪ್ಪ ಎಂಬ ಹೆಸರು, ತ್ರಿವೇಣಿ ಎಂಬ ಒಂದೇ ಪದದ ಹೆಸರು, ಅದೃಶ್ಯ ಸಂಕೇತವುಳ್ಳ ರಾಜ್‌ಕುಮಾರ್, ಹ್ಯಾಷೂ ಓರೆಗೆರೆಯೂ ಕೂಡಿದ, ಜಯನಗರದ ನಾಲ್ಕನೆಯ ಟಿ ಬ್ಲಾಕಿನ ಒಂದು ವಿಳಾಸ, ತೆರಪಿರುವ ಪಿನ್ ಕೋಡು, ಕನ್ನಡ ಅಂಕಿಗಳ ಪಿನ್ ಕೋಡು, ಬಿಎಚ್ ಸರಣಿಯ ವಾಹನಸಂಖ್ಯೆ ಇವಿರಲಿ. ತಿರಸ್ಕರಿಸಲೇಬೇಕಾದವುಗಳ ಪಟ್ಟಿಯಲ್ಲಿ ಸೊನ್ನೆಯಿಂದ ಆರಂಭವಾಗುವ ಪಿನ್ ಕೋಡು, ಅಕ್ಕಪಕ್ಕದ ಎರಡು ಅಂಕಿಗಳು ಅದಲುಬದಲಾದ ಆಧಾರ್ ಮಾದರಿ ಇವಿರಲಿ. ಮುಂದೆ ಯಾರಾದರೂ ‘ನಿಮ್ಮ ಫಾರ್ಮು ನನ್ನ ಹೆಸರನ್ನು ತೆಗೆದುಕೊಳ್ಳುತ್ತಿಲ್ಲ’ ಎಂದು ದೂರಿದಾಗ, ಅವರಿಗೆ ಹೆಸರನ್ನು ಬೇರೆ ರೀತಿಯಲ್ಲಿ ಬರೆಯಿರೆಂದು ಉತ್ತರಿಸುವುದಕ್ಕೆ ಮುಂಚೆ, ಅದೇ ಬಗೆಯ ಒಂದು ಹೆಸರನ್ನು ಒಪ್ಪತಕ್ಕವುಗಳ ಪಟ್ಟಿಗೆ ಸೇರಿಸಿ, ಪರೀಕ್ಷೆಯು ಸೋಲುವುದನ್ನು ಕಣ್ಣಾರೆ ಕಂಡು, ನಿಯಮವನ್ನು ತಿದ್ದಿರಿ. ನಿಯಮಗಳು ಚಿಕ್ಕವಾಗಿಯೂ ಪ್ರತ್ಯೇಕವಾಗಿಯೂ ಇದ್ದಲ್ಲಿ, ದೂರು ಬಂದ ಮಧ್ಯಾಹ್ನವೇ ಆ ಅರ್ಜಿಯು ಸ್ವೀಕೃತವಾಗುವುದು.

ಇಂತು ನಿಮ್ಮ ಶ್ರೇಯೋಭಿಲಾಷಿ,
ಜಯನಗರದ ಒಬ್ಬ ಸಹೋದ್ಯೋಗಿ